ಮೊದಲ ಇಳಿಜಾರು

ಮಂಗಳವಾರ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತ ಗದಿಗೆಪ್ಪನಿಗೆ ಬ್ರೇಕು ಕಾದ ವಾಸನೆ ಬಂತು. ದೃಷ್ಟಿ ಕದಲಿಸಲಿಲ್ಲ. ಮುಂಬಯಿ ಜೋಗೇಶ್ವರಿಯ ಆ ಚಾಳಿನಲ್ಲಿ ವಾಸನೆಗಳಿಗೇನೂ ಬರವಿರಲಿಲ್ಲ. ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಒತ್ತುವ ಯಂತ್ರ ಆರಕ್ಕೇ ಶುರುವಾಗುತ್ತಿತ್ತು, ಎದುರು ಖೋಲಿಯವರು ಬಂಗಡೆ ಹುರಿಯುತ್ತಿದ್ದರು. ಆದರೆ ಇದು ಬೇರೆ. ನಲವತ್ತು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿ ಎದ್ದವನ ಮೂಗಿಗೆ ಇದರ ಗುರುತು ತಪ್ಪುವುದಿಲ್ಲ: ಮೊದಲು ಕೂದಲು ಸುಟ್ಟ ಹಾಗೆ, ಆಮೇಲೆ ಒಂದು ಥರದ ಸಿಹಿ, ಕೊನೆಗೆ ಗಂಟಲಿಗೆ ಹತ್ತುವ ಕಹಿ.

“ಏನರ ಸುಡಾಕತ್ತೈತೇನ?” ಎಂದು ಒಲೆಯ ಕಡೆ ಕೇಳಿದ.

“ತವಾನ ಇನ್ನ ಇಟ್ಟಿಲ್ಲ, ಏನ್ ಸುಡತೈತ್ರಿ?” ಎಂದಳು ಹೆಂಡತಿ ರುದ್ರವ್ವ, ತಿರುಗಿ ನೋಡದೆ. “ಪೂಜಿಗೆ ಕುಂತಾವ್ರು ಮೂಗ ಯಾಕ ಅಡಗಿಮನಿಗೆ ಕಳಸೀರಿ?”

ಅವಳೆಂದದ್ದು ಸರಿ. ಅವನು ಮತ್ತೆ ಅಂಗೈ ನೋಡಿದ. ದಿನವೂ ತಣ್ಣಗಿರುವ ಲಿಂಗ ಇವತ್ತು ಬೆಚ್ಚಗಿದೆ ಅನ್ನಿಸಿತು. ತನ್ನ ಕೈಯೇ ಬಿಸಿಯಿರಬೇಕು. ಕಲ್ಲಿಗೆ ಬಿಸಿ ಎಲ್ಲಿಂದ ಬರಬೇಕು, ಹಿಡಿದವನದೇ.

ನಿನ್ನೆ ಮಧ್ಯಾಹ್ನ ಮೂರರ ಹೊತ್ತಿಗೆ ಇದೇ ಮನೆಯ ಗ್ಯಾಲರಿಯಲ್ಲಿ ನಿಂತು ಅವನು ಕೈ ಎತ್ತಿದ್ದ. ಕೆಳಗೆ ಸಿಗ್ನಲಿನಲ್ಲಿ ಚೆನ್ನಯನ ಹಸಿರು ಲಾರಿ ನಿಂತಿತ್ತು. ಉಡುಪಿ ಕಡೆಯ ಚೆನ್ನಯ ಮದುವೆ ಮುಂಜಿಗಳಿಗೆ ಅಡುಗೆಯ ಪಾತ್ರೆ ಸಾಗಿಸುವವನು. ಅವನ ಹೆಂಡತಿ ವಾರಿಜಾ ಅಡುಗೆಯವರ ಮುಂದಾಳು. ಹಿಂದೆ ಕೊಪ್ಪರಿಗೆಗಳ ನಡುವೆ ಬಡಿಸುವವರು ಐದು ಜನ ಕಾಲು ಮಡಚಿ ಕೂತಿದ್ದರು. ಖಂಡಾಲದಲ್ಲಿ ಮಂಗಳವಾರದ ಮದುವೆ. ಸೋಮವಾರ ಘಾಟಿ ಹತ್ತುವುದು, ಮರುದಿನ ಊಟ ಮುಗಿಸಿ ಪಾತ್ರೆ ತೊಳೆದು ಸಂಜೆಯೊಳಗೆ ಘಾಟಿ ಇಳಿಯುವುದು. ವಾರಿಜಾ ಕಿಟಕಿಯಿಂದ ಕತ್ತು ಹೊರಹಾಕಿ, “ಹೋಗಿ ಬರ್ತೇವೆ ಗದಿಗೆಪ್ಪಣ್ಣಾ!” ಎಂದು ಕೂಗಿ ಎರಡೂ ಕೈ ಜೋಡಿಸಿದಳು. ಅವನು ಕೈ ಎತ್ತಿದ. ನಿಲ್ಲಿಸಿ ಅನ್ನುವುದಕ್ಕೇ ಎತ್ತಿದ ಕೈ ಅದು. ಅರ್ಧಕ್ಕೆ ಬಂದಾಗ ಬೆರಳುಗಳು ತಾವಾಗಿ ಸಡಿಲಾದವು, ಅಂಗೈ ಮುಂದಾಯಿತು, ಹಣೆಯ ಮೇಲಿನ ವಿಭೂತಿಯೂ ಸೇರಿಕೊಂಡು ಕೆಳಗಿನಿಂದ ನೋಡುವವರಿಗೆ ಅದು ಆಶೀರ್ವಾದವಾಯಿತು. ಸಿಗ್ನಲ್ ಹಸಿರಾಯಿತು. ಹಿಂದಿನವನೊಬ್ಬ ಕೊಪ್ಪರಿಗೆಯ ಮುಚ್ಚಳ ಬಡಿದು ತಾಳ ಹಾಕಿದ್ದೂ ಕೇಳಿಸಿತ್ತು.

ಇವತ್ತು ಪೂಜೆ ಮುಗಿಸಿ, ರೊಟ್ಟಿ ತಿನ್ನದೆ ಎದ್ದು ಲಾರಿ ರಿಪೇರಿಯ ಶೆಡ್ಡಿಗೆ ನಡೆದ. ದಾರಿಯುದ್ದಕ್ಕೂ ನಿಂತ ಪ್ರತಿ ಲಾರಿಯ ಹಿಂದಿನ ಚಕ್ರವನ್ನೂ ನೋಡಿದ. ಚೆನ್ನಯನ ಲಾರಿಯ ಹಿಂದಿನ ಚಕ್ರಗಳಿಗೆ ಇದ್ದದ್ದು ಹಳೆಯ ಡ್ರಮ್ ಬ್ರೇಕು. ಮಳೆನೀರು ಹೊಕ್ಕರೂ ಹಿಡಿಯದು, ಘಾಟಿಯಲ್ಲಿ ಕಾದರೂ ಹಿಡಿಯದು. ಅದನ್ನು ತೆಗೆದು ಡಿಸ್ಕ್ ಹಾಕಿಕೊಡು ಎಂದು ಚೆನ್ನಯ ಕೇಳಿದ್ದು ಗದಿಗೆಪ್ಪನನ್ನಲ್ಲ, ಅವನ ತಂಗಿಯ ಮಗ ಬಸುವನ್ನು. ಮೂವತ್ತರ ಬಸು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಡಿಸ್ಕಿನ ವಿದ್ಯೆ ಕಲಿತಿದ್ದ. ಕೈ ಚುರುಕು, ಕಣ್ಣು ಚುರುಕು. ಗುರುವಾರದಿಂದ ಮಾವ ಅಳಿಯ ಇಬ್ಬರೂ ಸೇರಿಯೇ ಮಾಡಿದರು. ಡ್ರಮ್ಮು, ಅದರೊಳಗಿನ ಎರಡು ಅರ್ಧಚಂದ್ರದಂಥ ಶೂಗಳು, ಅವನ್ನು ಹಿಂದಕ್ಕೆಳೆಯುವ ಸ್ಪ್ರಿಂಗುಗಳು, ಬಿಚ್ಚಿದ್ದೆಲ್ಲವನ್ನೂ ಗದಿಗೆಪ್ಪ ಕಬ್ಬಿಣದ ತಾಟಿನಲ್ಲಿ ಸಾಲಾಗಿ ಇಡುತ್ತ ಬಂದ. ಅದು ಅವನ ಗುರು ಶರಣಬಸಪ್ಪ ಕಲಿಸಿದ ಕ್ರಮ. ವಿಕ್ರೋಳಿಯ ವರ್ಕ್‌ಶಾಪಿನಲ್ಲಿ ಆ ಮುದುಕ ಹೇಳಿಕೊಟ್ಟದ್ದು ಎರಡೇ ಮಾತು: ತೆಗೆದದ್ದನ್ನೆಲ್ಲ ತಾಟಿನಲ್ಲಿಡು, ತಾಟು ಸುಳ್ಳು ಹೇಳುವುದಿಲ್ಲ. ಬ್ರೇಕು ಕಟ್ಟಿದವನು ಮೊದಲ ಇಳಿಜಾರಿಗೆ ಒಳಗೆ ಕೂತಿರಬೇಕು. ಕೂರದಿದ್ದರೆ ಅವನು ಕಟ್ಟಿದ್ದು ಬ್ರೇಕಲ್ಲ, ಬರೀ ಮಾತು. ನಲವತ್ತು ವರ್ಷವೂ ಗದಿಗೆಪ್ಪ ಕೂತಿದ್ದ. ಪವಾಯಿಯಿಂದ ವಿಕ್ರೋಳಿಗೆ ಇಳಿಯುವ ರಸ್ತೆಯಲ್ಲಿ ಡ್ರೈವರನ ಪಕ್ಕ ಕೂತು, ಕೆಳಗಿಳಿದ ಮೇಲೆ ಉಡುಪಿಯವರ ಹೋಟೆಲಿನಲ್ಲಿ ಚಹಾ ಕುಡಿದು, ಬಸ್ಸಿನಲ್ಲಿ ವಾಪಸಾಗುತ್ತಿದ್ದ.

ಶೆಡ್ಡಿನಲ್ಲಿ ತಾಟು ಹಾಗೇ ಇತ್ತು. ಶೂಗಳು ನಾಲ್ಕು. ಸ್ಪ್ರಿಂಗುಗಳು. ಜಿಡ್ಡು ಹತ್ತಿದ ಸಿಲಿಂಡರು ಎರಡು. ಇರಬೇಕಾದ ಇನ್ನೊಂದು ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ಅವನು ಸ್ಪ್ರಿಂಗುಗಳನ್ನು ಎತ್ತಿ ಎತ್ತಿ ನೋಡಿದ, ಕಳೆದುಕೊಂಡವನ ಹಾಗೆ. ಹುಣಸೆಬೀಜದಷ್ಟು ರಬ್ಬರು, ಅದರ ಬೆನ್ನಿಗೆ ಕೂದಲಿನಂಥ ಸ್ಪ್ರಿಂಗು: ಪೆಡಲ್ ತುಳಿದಾಗ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಅಡಗಿ ಕೂತಿರುವ ವಾಲ್ವು. ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಒಂದಿಷ್ಟು ಒತ್ತಡ ಉಳಿಸಿಕೊಳ್ಳುವುದು ಅದರ ಕೆಲಸ. ಡ್ರಮ್ಮಿಗೆ ಅದು ಬೇಕು. ಅಲ್ಲಿ ಶೂಗಳನ್ನು ಹಿಂದಕ್ಕೆಳೆಯಲು ಸ್ಪ್ರಿಂಗುಗಳಿವೆ. ಡಿಸ್ಕಿಗೆ ಸ್ಪ್ರಿಂಗಿಲ್ಲ, ಹಾಗಾಗಿ ಡಿಸ್ಕ್ ಹಾಕುವಾಗ ಈ ವಾಲ್ವನ್ನು ತೆಗೆದುಬಿಡಬೇಕು. ಒತ್ತಡ ಪೂರ್ತಿ ಇಳಿದರೆ ಮಾತ್ರ ಡಿಸ್ಕನ್ನು ಅಮುಕುವ ಪ್ಯಾಡು ಬಿಡುತ್ತದೆ. ಚೂರು ಉಳಿದರೂ ಅದು ತಿರುಗುವ ಡಿಸ್ಕನ್ನು ಸವರುತ್ತಲೇ ಇರುತ್ತದೆ, ಬಿಟ್ಟ ಹಾಗೆ ಕಾಣಿಸಿ ಬಿಡದೆ. ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ, ಏರುವಾಗ ಗೊತ್ತಾಗುವುದಿಲ್ಲ. ಭಾರ ಹೊತ್ತು ಇಳಿಯುವಾಗ, ಮೊದಲೇ ಕಾದದ್ದು ಇನ್ನೂ ಕಾದು, ಎಣ್ಣೆ ಕುದಿದು ಆವಿಯಾಗಿ, ಪೆಡಲು ನೆಲಕ್ಕೆ ಹೋಗುತ್ತದೆ. ಬಸು ನೋಡಿದ ವಿಡಿಯೋಗಳಲ್ಲಿ ಹೊಸ ಸಿಲಿಂಡರುಗಳಿದ್ದವು, ಅವುಗಳಲ್ಲಿ ಈ ವಾಲ್ವಿಲ್ಲ. ಇಂಥ ನೂರಾರು ವಾಲ್ವು ಬದಲಿಸಿದ್ದ ಗದಿಗೆಪ್ಪನಿಗೆ ಮಾತ್ರ ಗೊತ್ತಿತ್ತು.

ಭಾನುವಾರ ಸಂಜೆ ಹೇಳಬೇಕೆಂದೇ ಇದ್ದ. ಹಿತ್ತಾಳೆಯ ನಟ್ಟು ಕೂರಿಸುತ್ತಿದ್ದ, ಬೆರಳು ನಡುಗಿತು, ಎರಡು ಸಲ ಎಳೆ ತಪ್ಪಿತು. ಬಸು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಚಾಕು ತೆಗೆದುಕೊಂಡ ಹಾಗೆ ಮೆಲ್ಲಗೆ ತೆಗೆದುಕೊಂಡ. “ಮಾಮಾ, ನೀವ್ ಆರಾಮ್ ಕುಂಡ್ರಿ. ಡ್ರಮ್ಮಿನ ಗಾಡಿ ಬಂದಾಗ ಕರೀತೀನಿ.” ಪಕ್ಕದಲ್ಲಿ ನಿಂತಿದ್ದ ಚೆನ್ನಯ ನಕ್ಕ. ಕೆಟ್ಟ ನಗೆಯಲ್ಲ, ಕೆಟ್ಟದ್ದಾಗಿದ್ದರೆ ಮರೆಯಬಹುದಿತ್ತು. ಗದಿಗೆಪ್ಪ ಎಣ್ಣೆಯ ಡಬ್ಬದ ಮೇಲೆ ಕೂತು, ನಾಲಿಗೆಯ ತುದಿಗೆ ಬಂದಿದ್ದ ವಾಲ್ವನ್ನು ನುಂಗಿಕೊಂಡ. ಕೇಳಲಿ, ತಾನಾಗಿ ಬಂದು ಕೇಳಲಿ, ಆಗ ಹೇಳುತ್ತೇನೆ. ಕತ್ತಲಾಯಿತು. ಮರುದಿನ ಸೋಮವಾರ. ಸೋಮವಾರ ಅವನು ಕಬ್ಬಿಣ ಮುಟ್ಟುವುದಿಲ್ಲ. ಅವರ ಊರಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಬಸವಣ್ಣನ ದಿನ, ಆ ನೇಮವನ್ನು ಮುಂಬಯಿಗೆ ಬಂದು ಎತ್ತಿನಿಂದ ಕಬ್ಬಿಣಕ್ಕೆ ಬದಲಿಸಿಕೊಂಡಿದ್ದ. ಬಸು ಒಬ್ಬನೇ ಎಣ್ಣೆ ತುಂಬಿ, ಕೊಳವೆಯೊಳಗಿನ ಗಾಳಿ ತೆಗೆದು, ಮಧ್ಯಾಹ್ನಕ್ಕೆ ಲಾರಿ ಕೊಟ್ಟು ಕಳಿಸಿದ. ಮಾವ ಉಪವಾಸವಿದ್ದು ಗ್ಯಾಲರಿಯಲ್ಲಿ ನಿಂತಿದ್ದ.

ಒಂಬತ್ತಕ್ಕೆ ಚೆನ್ನಯನಿಗೆ ಫೋನ್ ಹಚ್ಚಿದ. ಆ ಕಡೆ ವಾಲಗ, ಸೌಟಿನ ಸದ್ದು, ನಗು.

“ಓ ಗದಿಗೆಪ್ಪಣ್ಣ! ನಿಮ್ಮ ಬ್ರೇಕ್ ಎಂತ ಉಂಟು ಗೊತ್ತುಂಟಾ? ಕಾಲು ತಾಗಿಸಿದರೆ ಸಾಕು ಮಾರಾಯ್ರೆ, ಹಿಡಿದಾಯ್ತು! ತಡೀರಿ, ಸ್ಪೀಕರ್ ಹಾಕ್ತೇನೆ, ಇವಳೂ ಕೇಳಲಿ.”

ಕಾಲು ತಾಗಿಸಿದರೆ ಸಾಕು. ಸಾಕೇ ಆಗುತ್ತದೆ, ಪ್ಯಾಡು ಮೊದಲೇ ತಾಗಿಕೊಂಡಿದೆ. “ಎಳದಂಗ ಏನರ ಅನಸ್ತೇನ?” ಎಂದು ಕೇಳಿದ. ತನ್ನ ದನಿ ತನಗೇ ಅಂಗಡಿಯವನ ದನಿಯಂತೆ ಕೇಳಿಸಿತು.

“ಚೂರು ಎಳೀತದೆ, ಹೊಸತಲ್ವಾ. ನಿನ್ನೆ ಬಂದು ನಿಲ್ಲಿಸಿದಾಗ ಚಕ್ರದ ಹತ್ರ ಸ್ವಲ್ಪ ವಾಸನೆ ಬರ್ತಿತ್ತು. ಅಗರಬತ್ತಿ ಹಚ್ಚಿದ್ದಾರೆ ಅಂತ ಇವಳು ತಮಾಷೆ ಮಾಡಿದ್ಳು.” ಹಿಂದಿನಿಂದ ವಾರಿಜಾ, “ಹೋಳಿಗೆ ಕಟ್ಟಿ ತರ್ತೇನೆ ಅಣ್ಣಾ, ರುದ್ರಕ್ಕನಿಗೆ ಹೇಳಿ!” ಎಂದು ಕೂಗಿದಳು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. “ಎಂತಕ್ಕೆ ಫೋನ್ ಮಾಡಿದ್ದು?” ಎಂದ ಚೆನ್ನಯ.

“ಏನಿಲ್ಲ,” ಎಂದ ಗದಿಗೆಪ್ಪ. “ಸಾವಕಾಶ ಬರ್ರಿ.”

ಚೆನ್ನಯ ಫೋನು ಇಟ್ಟ ಮೇಲೂ ತನ್ನದನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಆ ಎರಡು ಮಾತು ಬೇರೆ ಯಾರೋ ತನ್ನ ಬಾಯಿಂದ ಆಡಿದ ಹಾಗಿತ್ತು. ಇಷ್ಟು ಜನರ ನಗುವಿನ ನಡುವೆ ಹೇಗೆ ಹೇಳುವುದು, ಆಮೇಲೆ ಚೆನ್ನಯ ಒಬ್ಬನೇ ಇದ್ದಾಗ ಹೇಳಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಬಸು ಬಂದ, ಹೆಲ್ಮೆಟ್ ತೆಗೆಯುತ್ತ, ತಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತ ಮಾವನನ್ನು ಕಂಡು, “ಏನ್ ಮಾಮಾ, ಹಳೇ ದೋಸ್ತರ ದರ್ಶನ ನಡಸೀರೇನು?” ಎಂದ.

“ಬಸು, ಮಾಸ್ಟರ್ ಸಿಲಿಂಡರಿನ ಬಾಯಾಗಿಂದು ಸಣ್ಣ ವಾಲ್ವ್ ತಗದ್ಯೇನ?”

“ಯಾವ ವಾಲ್ವ್?”

ಗದಿಗೆಪ್ಪ ಹೇಳಿದ. ಒಂದೊಂದೇ ಮಾತು ಹೇಳುತ್ತ ಹೋದಂತೆ ಬಸುವಿನ ಮುಖದ ಚುರುಕು ಇಳಿಯಿತು. ವಿಡಿಯೋದಲ್ಲಿ ಇರಲಿಲ್ಲ ಎಂದ. ಕೂಡಲೇ ಚೆನ್ನಯನ ನಂಬರು ಒತ್ತಿದ, ಫೋನು ಬಂದ್. ಮತ್ತೆ ಒತ್ತಿದ. ವಾರಿಜಾಳದು ರಿಂಗಾಗಿ ರಿಂಗಾಗಿ ನಿಂತಿತು, ಅಡುಗೆಯ ಹೊತ್ತು. ಆಮೇಲೆ ತಲೆ ಎತ್ತಿ ಮಾವನನ್ನು ನೋಡಿದ.

“ನಿಮಗ ಯಾವಾಗ ನೆನಪಾತು ಮಾಮಾ?”

“ಮರತಿದ್ದಿಲ್ಲ.”

“ಮತ್ತ ನಿನ್ನೆ ಯಾಕ್ ಹೇಳಲಿಲ್ಲ?”

“ಸೋಮವಾರ ಇತ್ತು.”

ಬಸು ಫೋನು ಕೆಳಗಿಳಿಸಿದ. “ಕೈಗೆ ಸೋಮವಾರ, ಖರೆ. ಬಾಯಿಗೂ ಸೋಮವಾರನ?” ಎಂದ, ಸಿಟ್ಟಿಲ್ಲದೆ, ತಿಳಿದುಕೊಳ್ಳಲು ಕೇಳಿದವನಂತೆ. ಬೈಕಿನಲ್ಲಿ ನಾನೇ ಹೋಗುತ್ತೇನೆ ಎಂದು ಎದ್ದ. ಗದಿಗೆಪ್ಪ ಅವನ ಭುಜ ಹಿಡಿದು ಕೂರಿಸಿದ. “ನೀ ಫೋನ್ ಹಚ್ಚಕೋತ ಕುಂಡ್ರು. ನಾ ಹೊಕ್ಕೀನಿ. ಮೊದಲನೇ ಇಳಿಜಾರು ನಂದು.” ಇಕ್ಕಳ, ಒಂದು ಉದ್ದ ಸ್ಕ್ರೂ, ನಾಲ್ಕು ಸ್ಪ್ಯಾನರ್, ಹೊಸ ಎಣ್ಣೆಯ ಡಬ್ಬ ಚೀಲಕ್ಕೆ ಹಾಕಿಕೊಂಡ.

ಪವಾಯಿಯಲ್ಲಿ ಪುಣೆಯ ಬಸ್ಸು ಹತ್ತಿದ. ವಿಕ್ರೋಳಿಗೆ ಇಳಿಯುವ ಅದೇ ರಸ್ತೆ, ಅದೇ ಇಳಿಜಾರು. ಬಸ್ಸು ಇಳಿಯುವಾಗ ಅವನ ಬಲಗಾಲು ಖಾಲಿ ನೆಲವನ್ನು ಒತ್ತುತ್ತಿತ್ತು. ಪಕ್ಕದವನು ಕಾಲು ಸರಿಸಿಕೊಂಡ. ಬಾಯಿಗೂ ಸೋಮವಾರನ? ಊರಲ್ಲಿ ಒಂದು ಸೋಮವಾರ, ಅವನಿಗೆ ಎಂಟೋ ಒಂಬತ್ತೋ, ಓಣಿಯ ಶಿವಕುಮಾರಿಗೆ ಹೆರಿಗೆ ಬೇನೆ ಎದ್ದು ಎರಡು ದಿನವಾಗಿತ್ತು, ಕೂಸು ಅಡ್ಡ ನಿಂತಿತ್ತು, ದವಾಖಾನೆ ಮೂರು ಹರದಾರಿ. ಅವಳ ಗಂಡ ಬಂದು ಅಪ್ಪನ ಮುಂದೆ ನಿಂತ. ಗಾಡಿ ಇದ್ದದ್ದು ಅಪ್ಪನಲ್ಲಿ ಮಾತ್ರ. ಅಪ್ಪ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಕೇಳಲು ಬಂದವನು ಕೇಳಲಾರದೆ ನಿಂತದ್ದು, ಅಪ್ಪ ಎದ್ದು ಕೊಟ್ಟಿಗೆಗೆ ಹೋದದ್ದು, ಎತ್ತುಗಳ ಮೈ ಸವರಿ ಅವನ್ನು ಅಲ್ಲೇ ಬಿಟ್ಟು ಬರೀ ಗಾಡಿ ಎಳೆದುಕೊಂಡು ಹೊರಗೆ ಬಂದದ್ದು. “ಸೋಮವಾರ ಎತ್ತಿಗೆ ಐತಿ. ನನಗೆಲ್ಲೈತಿ?” ಎಂದು ನೊಗಕ್ಕೆ ತಾನೇ ಹೆಗಲು ಕೊಟ್ಟ. ಇನ್ನೊಂದು ಕಡೆಗೆ ಶಿವಕುಮಾರಿಯ ಗಂಡ. ಮಂಗಳವಾರ ಮುಂಜಾನೆ ಪೂಜೆಗೆ ಕೂತ ಅಪ್ಪನ ಬರಿಯ ಹೆಗಲ ಮೇಲೆ ನೊಗದ ಗುರುತು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಈ ಕಥೆಯನ್ನು ಗದಿಗೆಪ್ಪ ಎಷ್ಟು ಜನರಿಗೆ ಹೇಳಿದ್ದಾನೆ, ಹೆಮ್ಮೆಯಿಂದ, ತನ್ನದೇ ಹೆಗಲು ಎನ್ನುವ ಹಾಗೆ. ಬಸುವಿಗೂ ಹೇಳಿದ್ದ.

ಬಸ್ಸು ಘಾಟಿ ಏರತೊಡಗಿತು. ಎದುರಿನಿಂದ ಇಳಿದು ಬರುವ ಹಸಿರು ಲಾರಿಗಳನ್ನೆಲ್ಲ ಕಿಟಕಿಗೆ ಮುಖ ಹಚ್ಚಿ ನೋಡಿದ. ಒಂದು ತಿರುವಿನಲ್ಲಿ ತಡೆಗೋಡೆ ಮುರಿದು ಹಗ್ಗ ಕಟ್ಟಿತ್ತು. ಹಳೆಯದು, ಹುಲ್ಲು ಬೆಳೆದಿತ್ತು. ಆದರೂ ಬಸ್ಸು ದಾಟುವವರೆಗೆ ಹಿಂತಿರುಗಿ ನೋಡಿದ. ಶಿವಾ ಎನ್ನಬೇಕೆಂದು ಬಾಯಿ ತೆರೆದ. ನಿನ್ನೆ ಇದೇ ಬಾಯಿ ಮುಚ್ಚಿದ್ದು ಅವನ ಹೆಸರಿನಲ್ಲೇ ಅಲ್ಲವೇ ಅನ್ನಿಸಿ ಹಾಗೇ ಮುಚ್ಚಿಕೊಂಡ.

ಮದುವೆ ಮಂಟಪದ ಹಿಂದೆ ಲಾರಿ ನಿಂತಿತ್ತು. ಪಾತ್ರೆಗಳೆಲ್ಲ ಒಳಗೇರಿದ್ದವು, ಬಡಿಸುವವರು ಹತ್ತುತ್ತಿದ್ದರು, ಚೆನ್ನಯ ಬೀಗದ ಕೈ ಹಿಡಿದಿದ್ದ. ಇವನನ್ನು ಕಂಡು, ಫೋನಿನ ಚಾರ್ಜು ಮುಗಿದಿದೆ ಎಂದು ಏನೇನೋ ಹೇಳತೊಡಗಿದ. ಗದಿಗೆಪ್ಪ ಹಿಂದಿನ ಚಕ್ರದ ಹತ್ತಿರ ಕುಕ್ಕರಿಸಿದ. ಡಿಸ್ಕು ಮೊನ್ನೆ ಕನ್ನಡಿಯಂತಿತ್ತು. ಈಗ ಅದರ ಮೇಲೆ ನೀಲಿ ಏರಿತ್ತು, ಬದನೆಕಾಯಿಯ ನೀಲಿ.

“ಎಲ್ಲಾರನ್ನ ಇಳಸ್ರಿ,” ಎಂದ.

ಜ್ಯಾಕಿಗೆ ಏರಿಸಿ ಚಕ್ರ ತಿರುಗಿಸಹೋದ. ಎರಡು ಕೈ ಹಾಕಿದರೂ ಅದು ಮನಸ್ಸಿಲ್ಲದೆ ತಿರುಗಿತು. ಚೆನ್ನಯನ ಮುಖದ ನಗು ಆಗ ಹೋಯಿತು. ಗದಿಗೆಪ್ಪ ಮುಂದಿನ ಬಾನೆಟ್ಟು ತೆಗೆದು ಕೊಳವೆ ಬಿಚ್ಚಿದ, ಸಿಲಿಂಡರಿನ ಬಾಯಿಗೆ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದ. ಬೆರಳು ನಡುಗಲಿಲ್ಲ. ಹುಣಸೆಬೀಜ ಹೊರಗೆ ಬಂತು, ಹಿಂದೆ ಕೂದಲೆಳೆಯ ಸ್ಪ್ರಿಂಗು. ಅದನ್ನು ಅಂಗಿಯ ಎದೆಜೇಬಿಗೆ ಹಾಕಿದ. ಒಳಗೆ ಲಿಂಗದ ಕರಡಿಗೆ ತಾಗಿದಂತಾಗಿ, ವಾಲ್ವನ್ನು ತೆಗೆದು ಚೀಲಕ್ಕೆ ಹಾಕಿದ. ಕಪ್ಪಾಗಿದ್ದ ಎಣ್ಣೆಯನ್ನೆಲ್ಲ ಹೊರಗೆ ಬಿಟ್ಟು ಹೊಸದು ತುಂಬಿದರು. ವಾರಿಜಾ ಸೀರೆ ಎತ್ತಿ ಕಟ್ಟಿ ಡ್ರೈವರನ ಸೀಟಿನಲ್ಲಿ ಕೂತು ಪೆಡಲು ಒತ್ತಿದಳು. ಅವನು ಕೆಳಗೆ ಮಲಗಿ, “ಒತ್ತವಾ ತಂಗಿ… ಹಿಡಿ… ಈಗ ಬಿಡು,” ಎನ್ನುತ್ತ ಗಾಳಿ ತೆಗೆದ. ಒಂದು ಬೆರಳು ಹಚ್ಚಿದರೆ ಈಗ ಚಕ್ರ ಸರಾಗ ತಿರುಗಿತು. ಅಂಗಳದಲ್ಲಿ ಮೂರು ಸಲ ಓಡಿಸಿ ಮೂರು ಸಲ ನಿಲ್ಲಿಸಿದರು. ನಿಂತಿತು. ಆದರೆ ನಿನ್ನೆ ಏರುವಾಗಿನ ಕಾವಿಗೆ ಒಳಗಿನ ರಬ್ಬರು ಎಷ್ಟು ಬೆಂದಿದೆಯೋ, ಅದು ಹೊರಗಿನಿಂದ ತಿಳಿಯುವಂಥದ್ದಲ್ಲ. ತಿಳಿಯುವ ಜಾಗ ಒಂದೇ.

“ಇದು ಯಾವಾಗ ಗೊತ್ತಾದ್ದು ನಿಮಗೆ?” ಎಂದು ಕೇಳಿದ ಚೆನ್ನಯ, ಕೈ ಒರೆಸಿಕೊಳ್ಳಲು ಬಟ್ಟೆ ಕೊಡುತ್ತ.

“ಮುಂಜಾನಿ,” ಎಂದ ಗದಿಗೆಪ್ಪ. “ತಾಟಿನಾಗ ಇದ್ದಿಲ್ಲ. ನೋಡಿ ಓಡಿಬಂದೆ.”

“ದೇವರ ಹಾಗೆ ಬಂದ್ರಿ ಅಣ್ಣ,” ಎಂದಳು ವಾರಿಜಾ. ಅವಳ ಕಣ್ಣಲ್ಲಿ ನೀರಿತ್ತು. “ನಿನ್ನೆ ನೀವು ಮೇಲಿನಿಂದ ಕೈ ಎತ್ತಿದಾಗಲೇ ನಾನು ಇವರಿಗೆ ಹೇಳಿದ್ದೆ, ಹಿರಿಯರ ಆಶೀರ್ವಾದ ಆಯ್ತು ಇನ್ನು ಭಯ ಇಲ್ಲ ಅಂತ.” ಬಾಳೆಲೆಯಲ್ಲಿ ಕಟ್ಟಿದ್ದ ಹೋಳಿಗೆ ಬಿಚ್ಚಿ ಕೈಗಿತ್ತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ತುಂಡು ಮುರಿದು, ಮತ್ತೆ ಎಲೆಯಲ್ಲೇ ಇಟ್ಟು ಮಡಚಿದ.

ಬಡಿಸುವವರನ್ನು ಬಸ್ಸಿಗೆ ಕಳಿಸಿರಿ ಎಂದ. “ಎಂತಕ್ಕೆ? ಸರಿ ಆಯ್ತಲ್ಲ?” ಎಂದ ಚೆನ್ನಯ. “ಆಗೈತಿ. ಆದ್ರೂ.” ಐವರೂ ಚೀಲ ಹಿಡಿದು ಸ್ಟ್ಯಾಂಡಿನ ಕಡೆ ನಡೆದರು. ವಾರಿಜಾಳಿಗೂ ಹೋಗು ಎಂದ. “ನಾನು ಇವರೊಟ್ಟಿಗೇ,” ಎಂದು ಅವಳು ಹತ್ತಿ ನಡುವೆ ಕೂತಳು. ಗದಿಗೆಪ್ಪ ಬಾಗಿಲ ಬದಿಗೆ ಕೂತ. ಲಾರಿ ಹೊರಟಿತು, ಹಿಂದೆ ಕೊಪ್ಪರಿಗೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಗೊಣಗಿದವು.

ಸಪಾಟು ರಸ್ತೆ ಮುಗಿಯಲು ಹೆಚ್ಚು ಹೊತ್ತಿರಲಿಲ್ಲ. ಕಿಟಕಿಯ ಗಾಳಿಗೆ ಹಣೆಯ ಬೆವರು ಆರಿ ವಿಭೂತಿ ಬಿಗಿಯಾಯಿತು. ಯಾವ ವಾಸನೆಯೂ ಇಲ್ಲ. ಇಲ್ಲದಿರುವುದಕ್ಕೇ ಹೆದರಿಕೆಯಾಯಿತು. ವಾಲ್ವು ಚೀಲದಲ್ಲಿದೆ, ಹೊರಗೆ ಬಂದಿದೆ, ಕಣ್ಣಾರೆ ಕಂಡಿದ್ದಾನೆ. ಆದರೂ ಎದೆಯೊಳಗೆ ಏನೋ ಸವರುತ್ತಲೇ ಇತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಸು ಹೇಳುವುದಿಲ್ಲ. ರುದ್ರವ್ವನಿಗೆ ಹೋಳಿಗೆ ತಲುಪುತ್ತದೆ. ಮುಂದಿನ ಸೋಮವಾರ ಮತ್ತೆ ಗ್ಯಾಲರಿಯಲ್ಲಿ ನಿಲ್ಲಬಹುದು. ವಾರಿಜಾ ಕಣ್ಣು ಮುಚ್ಚಿ ಅವನ ಕಡೆ ಒರಗಿದ್ದಳು, ಭಯವಿಲ್ಲದವರು ಒರಗುವ ಹಾಗೆ. ಅವಳ ತಲೆಯ ಭಾರ ಅವನ ಹೆಗಲ ಮೇಲೆ ಬಂತು.

ಘಾಟಿಯ ನೆತ್ತಿಯ ಫಲಕ ಕಾಣಿಸಿತು. ಅದರಾಚೆ ರಸ್ತೆ ಇರಲಿಲ್ಲ, ಬರೀ ಬೆಳಕಿತ್ತು. ಎರಡು ಬೆಟ್ಟಗಳ ನಡುವೆ, ಬಹಳ ಕೆಳಗೆ, ಮಂಜಿನಂಥ ಧೂಳಿನಲ್ಲಿ ಬಯಲು. ಲಾರಿಯ ಮೂಗು ಕೆಳಗೆ ಬಾಗಿತು. ಹಿಂದಿನ ಕೊಪ್ಪರಿಗೆಗಳೆಲ್ಲ ಒಂದೇ ಸಲ ಮುಂದಕ್ಕೆ ಸರಿದವು.

“ಚೆನ್ನಯ,” ಎಂದ ಗದಿಗೆಪ್ಪ.

“ಹೇಳಿ ಅಣ್ಣ.”

“ನನಗ ನಿನ್ನೇನ ಗೊತ್ತಿತ್ತು. ಮ್ಯಾಲ ನಿಂತು ಕೈ ಎತ್ತಿದ್ನಲ್ಲಾ, ಆಗ ಗೊತ್ತಿತ್ತು.”

ವಾರಿಜಾಳ ತಲೆ ಹೆಗಲಿನಿಂದ ಎದ್ದಿತು. ಅವಳು ಅವನ ಕಡೆ ತಿರುಗಲಿಲ್ಲ. ಎರಡೂ ಕೈಯಿಂದ ಮುಂದಿನ ಸರಳನ್ನು ಹಿಡಿದುಕೊಂಡಳು. ರಸ್ತೆ ಎಡಕ್ಕೆ ತಿರುಗುತ್ತಿತ್ತು, ಲಾರಿ ತಾನಾಗಿ ವೇಗ ಕೂಡಿಸಿಕೊಳ್ಳುತ್ತಿತ್ತು. ಚೆನ್ನಯನ ಬಲಗಾಲು ಎದ್ದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಗದಿಗೆಪ್ಪ ಕಟ್ಟಿದ ಬ್ರೇಕಿನ ಮೇಲೆ ಇಳಿಯಿತು.